ಹಿಡಿತದ ಹಂಚಿಕೆ
ರೇಡಿಯೋ ಚಾಲಿತ ಟ್ರಕ್ಕುಗಳ ಡಿಫರೆನ್ಷಿಯಲ್ ತೈಲವನ್ನು ಕುರಿತು

ಹಿಡಿತವಿಲ್ಲದ ನೆಲದಲ್ಲಿ ವಾಹನವು ಜಾರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಮಳೆಗಾಲದ ಕೆಸರುದಾರಿಯಲ್ಲಿ ಲಾರಿಯ ಗಾಲಿಯು ನಿಂತಲ್ಲಿಯೇ ಗಿರ್ರೆಂದು ಸುತ್ತುವುದನ್ನು ಕಾಣದವರು ವಿರಳ. ಆದರೆ ಹಿಡಿತವು ಮಿತಿಮೀರಿದರೂ ವಾಹನಕ್ಕೆ ಅಪಾಯವುಂಟೆಂಬ ಮಾತು ಮೊದಲ ಬಾರಿಗೆ ಕೇಳಿದವರಿಗೆ ಸೋಜಿಗವೆನಿಸೀತು. ದೂರದಲ್ಲಿ ನಿಂತು ರೇಡಿಯೋ ಅಲೆಗಳಿಂದ ನಡೆಸುವ ಪುಟ್ಟ ಟ್ರಕ್ಕುಗಳ ಓಟದ ಅಂಗಣದಲ್ಲಿ ಈ ಮಾತಿನ ಸತ್ಯವು ಕಣ್ಣೆದುರಿಗೇ ಗೋಚರಿಸುತ್ತದೆ. ಅಲ್ಲಿ ನೆಲವು ಟೈರನ್ನು ಬಿಗಿಯಾಗಿ ಹಿಡಿದುಕೊಂಡಷ್ಟೂ ಟ್ರಕ್ಕು ತಿರುವಿನಲ್ಲಿ ಮಗುಚಿ ಬೀಳುವ ಸಂಭವ ಹೆಚ್ಚು. ಅದನ್ನು ನೆಟ್ಟಗೆ ಓಡಿಸುವ ಉಪಾಯಗಳಲ್ಲಿ ಒಂದು, ಅಂಗೈಯಲ್ಲಿ ಅಡಗುವ ಮೂರು ಗಿಯರ್ ಪೆಟ್ಟಿಗೆಗಳೊಳಗೆ ತುಂಬಿದ ತೈಲ. ಆ ತೈಲವನ್ನು ಆರಿಸುವ ಕ್ರಮವನ್ನೂ ಅದರ ಹಿಂದಿರುವ ತತ್ತ್ವವನ್ನೂ ಯಥಾಮತಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಆಟಿಕೆಯೋ ಯಂತ್ರವೋ

ಈ ವಾಹನಗಳನ್ನು ಮಕ್ಕಳ ಆಟಿಕೆಗಳೆಂದು ಬದಿಗಿಡುವಂತಿಲ್ಲ. ಅಮೆರಿಕದಲ್ಲಿ 1967ರಲ್ಲಿಯೇ ಇವುಗಳ ಓಟಕ್ಕೆ ನಿಯಮಗಳನ್ನು ಗೊತ್ತುಪಡಿಸುವ 'ರೋರ್' ಎಂಬ ಸಂಸ್ಥೆ ಹುಟ್ಟಿತು. ಜಪಾನಿನ ಟಾಮಿಯಾ ಸಂಸ್ಥೆಯು 1976ರಲ್ಲಿ ಪೋರ್ಷೆ 934 ಎಂಬ ಕಾರಿನ ರೇಡಿಯೋ ಚಾಲಿತ ಪ್ರತಿಕೃತಿಯನ್ನೂ, 1979ರಲ್ಲಿ ಮರಳು ಮಣ್ಣಿನ ಮೇಲೆ ಓಡಬಲ್ಲ 'ಸ್ಯಾಂಡ್ ಸ್ಕಾರ್ಚರ್' ಎಂಬುದನ್ನೂ ಮಾರುಕಟ್ಟೆಗೆ ತಂದಿತು. ಮಣ್ಣಿನ ಅಂಗಣದಲ್ಲಿ ಓಡುವ, ಮೂಲದ ಹತ್ತನೆಯ ಒಂದಂಶ ಪ್ರಮಾಣದ ವಿದ್ಯುತ್ ವಾಹನಗಳ ಪ್ರಥಮ ವಿಶ್ವಸ್ಪರ್ಧೆಯು 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಎಂಬಲ್ಲಿ ನಡೆಯಿತು. ಅಂದಿನಿಂದ ಈ ವಿದ್ಯೆಯು ಬಹುಮುಖವಾಗಿ ಬೆಳೆದಿದೆ.

ನಾವು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಎಂಟನೆಯ ಒಂದಂಶ ಪ್ರಮಾಣದ 'ಟ್ರಗ್ಗಿ' ಎಂಬ ಬಗೆಯನ್ನು. ಟ್ರಕ್ ಮತ್ತು ಬಗ್ಗಿ ಎಂಬೆರಡು ಪದಗಳ ಕೂಡಿಕೆಯಿಂದ ಈ ಹೆಸರು ಬಂದಿದೆ. ಬಗ್ಗಿಗಿಂತ ಅಗಲವಾದ ಮೈ, ದೊಡ್ಡ ಟೈರು, ಸುಮಾರು ನಾಲ್ಕು ಕಿಲೋಗ್ರಾಂ ತೂಕ, ನಾಲ್ಕೂ ಗಾಲಿಗಳಿಗೆ ಶಕ್ತಿ. ಇವು ಇದರ ಲಕ್ಷಣಗಳು. ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು, ಇವೆರಡರ ನಡುವೆ ಮತ್ತೊಂದು, ಹೀಗೆ ಮೂರು ಡಿಫರೆನ್ಷಿಯಲ್‌ಗಳು ಇದರಲ್ಲಿರುತ್ತವೆ. ನಮ್ಮ ರಸ್ತೆಗಳ ಲಾರಿಯಲ್ಲಿ ಹಿಂದಿನ ಅಚ್ಚಿನ ನಡುವೆ ಗುಂಡಗೆ ಕಾಣುವ ಭಾಗದೊಳಗೆ ಇರುವುದೂ ಇದೇ ಯಂತ್ರವೇ. ಗಾತ್ರದಲ್ಲಿ ಮಾತ್ರ ಭೇದ.

ಡಿಫರೆನ್ಷಿಯಲ್ ಏಕೆ ಬೇಕು

ಎತ್ತಿನ ಬಂಡಿಯ ಎರಡು ಗಾಲಿಗಳು ಒಂದೇ ಅಚ್ಚಿಗೆ ಸೇರಿದ್ದರೂ ತಮ್ಮ ತಮ್ಮ ಪಾಡಿಗೆ ತಿರುಗಬಲ್ಲವು. ಎಳೆಯುವ ಕೆಲಸ ಎತ್ತುಗಳದು. ಉರುಳುವುದಷ್ಟೇ ಗಾಲಿಗಳ ಕೆಲಸ. ಆದಕಾರಣ ಬಂಡಿಯು ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ಸುತ್ತು, ಒಳಗಿನ ಗಾಲಿ ಕಡಿಮೆ ಸುತ್ತು ತಿರುಗಿ ಹೊಂದಿಕೊಳ್ಳುತ್ತವೆ. ಗಾಲಿಯನ್ನೇ ಯಂತ್ರವು ತಿರುಗಿಸಬೇಕಾದಾಗ ಈ ಅನುಕೂಲ ತಪ್ಪಿಹೋಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ನಮ್ಮ ಪುಟ್ಟ ಟ್ರಕ್ಕಿನ ಎಡಬಲ ಗಾಲಿಗಳ ನಡುವೆ 35 ಸೆಂಟಿಮೀಟರ್ ಅಂತರವಿದೆಯೆಂದೂ, ಟೈರಿನ ವ್ಯಾಸ 14 ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳೋಣ. ಒಳಗಾಲಿಯು ಒಂದು ಮೀಟರ್ ತ್ರಿಜ್ಯದ ಪೂರ್ಣವೃತ್ತದಲ್ಲಿ ಸುತ್ತಿದರೆ ಅದು ಸುಮಾರು 6.3 ಮೀಟರ್ ದೂರ ಕ್ರಮಿಸುತ್ತದೆ. ಹೊರಗಾಲಿ ಸುಮಾರು 8.5 ಮೀಟರ್. ವ್ಯತ್ಯಾಸ 2.2 ಮೀಟರ್. ಟೈರಿನ ಸುತ್ತಳತೆ 44 ಸೆಂಟಿಮೀಟರ್ ಆದುದರಿಂದ ಹೊರಗಾಲಿಯು ಒಳಗಾಲಿಗಿಂತ ಐದು ಸುತ್ತು ಹೆಚ್ಚಾಗಿ ತಿರುಗಲೇಬೇಕು. ವೃತ್ತವು ದೊಡ್ಡದಾಗಲಿ ಚಿಕ್ಕದಾಗಲಿ ಈ ಐದು ಸುತ್ತಿನ ವ್ಯತ್ಯಾಸ ಬದಲಾಗುವುದಿಲ್ಲ. ಎರಡು ಗಾಲಿಗಳನ್ನೂ ಒಂದೇ ಸಲಾಕೆಗೆ ಬಿಗಿದುಬಿಟ್ಟರೆ ಯಾವುದಾದರೊಂದು ಟೈರು ನೆಲವನ್ನು ಉಜ್ಜಿಕೊಂಡೇ ಹೋಗಬೇಕಾಗುತ್ತದೆ.

ಈ ತೊಡಕಿಗೆ ಪರಿಹಾರವೇ ಡಿಫರೆನ್ಷಿಯಲ್. ಗಡಿಯಾರ ತಯಾರಿಕೆಯಲ್ಲಿ ಪಳಗಿದ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಇದನ್ನು ಉಗಿಬಂಡಿಗೆ ಅಳವಡಿಸುವ ಕ್ರಮವನ್ನು ರೂಪಿಸಿದನು. ಒಂದು ಪೆಟ್ಟಿಗೆ, ಅದರೊಳಗೆ ಎಡಗಾಲಿಗೆ ಸೇರಿದ ಒಂದು ಓರೆಹಲ್ಲಿನ ಗಿಯರು, ಬಲಗಾಲಿಗೆ ಸೇರಿದ ಮತ್ತೊಂದು, ಇವೆರಡರ ನಡುವೆ ಎರಡಕ್ಕೂ ಹಲ್ಲು ಕೂಡಿಸಿ ನಿಂತ ಸಣ್ಣ ಗಿಯರುಗಳು. ನೇರವಾದ ದಾರಿಯಲ್ಲಿ ಪೆಟ್ಟಿಗೆ ತಿರುಗಿದಂತೆ ಎಲ್ಲವೂ ಒಂದಾಗಿ ತಿರುಗುತ್ತವೆ. ತಿರುವಿನಲ್ಲಿ ನಡುವಣ ಗಿಯರುಗಳು ತಮ್ಮ ಅಚ್ಚಿನ ಮೇಲೆ ಹೊರಳಿ, ಒಂದು ಗಾಲಿಗೆ ಕಳೆದ ಸುತ್ತನ್ನು ಇನ್ನೊಂದಕ್ಕೆ ಕೂಡಿಸುತ್ತವೆ.

ತೈಲದ ಕಾರ್ಯ

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಗಿಯರುಗಳೇ ಈ ಕೆಲಸವನ್ನು ಮಾಡುವುದಾದರೆ, ಸವೆಯದಿರಲು ನಾಲ್ಕು ಹನಿ ಎಣ್ಣೆ ಸಾಲದೆ? ದಪ್ಪ ತೈಲವನ್ನು ತುಂಬುವುದೇಕೆ?

ಸಮಾಧಾನವಿದು. ಸ್ವತಂತ್ರವಾಗಿ ಹೊರಳಲು ಬಿಟ್ಟ ಡಿಫರೆನ್ಷಿಯಲ್ ಎರಡು ಗಾಲಿಗಳಿಗೂ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಒಂದು ಗಾಲಿಯ ಕೆಳಗೆ ಹಿಡಿತವಿಲ್ಲದೆ ಹೋದರೆ ಅದು ತೆಗೆದುಕೊಳ್ಳಬಲ್ಲ ಬಲ ಅತ್ಯಲ್ಪ. ಇನ್ನೊಂದಕ್ಕೂ ಅಷ್ಟೇ ಅಲ್ಪಬಲ ದೊರೆಯುತ್ತದೆ. ಕೆಸರಿನಲ್ಲಿ ಸಿಕ್ಕ ಲಾರಿಯ ಒಂದು ಗಾಲಿ ಸುತ್ತುತ್ತಿರಲು ಮತ್ತೊಂದು ಗಾಲಿ ಗಟ್ಟಿನೆಲದ ಮೇಲೆ ಸುಮ್ಮನೆ ನಿಂತಿರುವುದಕ್ಕೆ ಇದೇ ಕಾರಣ. ಗಿಯರುಗಳು ದಪ್ಪ ತೈಲದಲ್ಲಿ ಮುಳುಗಿದ್ದರೆ, ಪೆಟ್ಟಿಗೆಗೂ ಗಿಯರಿಗೂ ನಡುವೆ ವೇಗದ ಅಂತರ ಹೆಚ್ಚಿದಂತೆ ತೈಲವು ಹೆಚ್ಚು ತಡೆಯೊಡ್ಡುತ್ತದೆ. ವ್ಯರ್ಥವಾಗಿ ಸುತ್ತುವ ಗಾಲಿಯ ಬಲದಲ್ಲಿ ಒಂದು ಪಾಲು ನಿಧಾನವಾದ ಗಾಲಿಯ ಕಡೆಗೆ ಸಾಗುತ್ತದೆ. ತಿರುವಿನಲ್ಲಿ ಸಹಜವಾಗಿ ಹುಟ್ಟುವ ಅಲ್ಪ ಅಂತರಕ್ಕೆ ಅಲ್ಪ ತಡೆ. ಗಾಳಿಯಲ್ಲಿ ಸುತ್ತುವ ಗಾಲಿಯಿಂದ ಹುಟ್ಟುವ ದೊಡ್ಡ ಅಂತರಕ್ಕೆ ದೊಡ್ಡ ತಡೆ. ತೈಲದ ಉಪಯೋಗವಿರುವುದು ಈ ಗುಣದಲ್ಲಿಯೇ.

ದ್ರವದ ಈ ತಡೆಗೆ ನಮ್ಮ ವಿಜ್ಞಾನದ ಪಠ್ಯಗಳಲ್ಲಿ 'ಸ್ನಿಗ್ಧತೆ' ಎಂಬ ಹೆಸರಿದೆ. ಸಂಸ್ಕೃತದ 'ಸ್ನಿಹ್' ಧಾತುವಿನಿಂದ ಬಂದ ಪದವಿದು. ಅದೇ ಧಾತುವಿನಿಂದ 'ಸ್ನೇಹ' ಎಂಬ ಪದವೂ ಹುಟ್ಟಿದೆ. ಸ್ನೇಹವೆಂದರೆ ಎಣ್ಣೆಯೂ ಹೌದು, ಪ್ರೀತಿಯೂ ಹೌದು. ಅಂಟಿಕೊಳ್ಳುವ ಗುಣವೇ ಎರಡು ಅರ್ಥಗಳಿಗೂ ಮೂಲ. ಪದರಪದರವಾಗಿ ಸರಿಯಬೇಕಾದ ದ್ರವದಲ್ಲಿ ಒಂದು ಪದರವು ಪಕ್ಕದ ಪದರವನ್ನು ಅಂಟಿ ಹಿಡಿಯುವುದರಿಂದಲೇ ಈ ತಡೆ ಉಂಟಾಗುವುದರಿಂದ ಪದವು ಬಹಳ ಉಚಿತವಾಗಿದೆ.

ಬ್ರಿಟನ್ನಿನ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ (1819–1903) ಹೆಸರಿನ ಮೇಲೆ ಬಂದ 'ಸೆಂಟಿಸ್ಟೋಕ್ಸ್' ಎಂಬುದು ಇದರ ಅಳತೆ. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1. ಅದೇ ಉಷ್ಣತೆಯಲ್ಲಿ ಹರಳೆಣ್ಣೆಯದು ಸುಮಾರು 1000. ಟ್ರಗ್ಗಿಯ ಡಿಫರೆನ್ಷಿಯಲ್‌ನಲ್ಲಿ ತುಂಬುವ ಸಿಲಿಕೋನ್ ತೈಲಗಳು ಸಾಮಾನ್ಯವಾಗಿ ಕೆಲವು ಸಾವಿರಗಳಿಂದ ಹತ್ತಾರು ಸಾವಿರದವರೆಗೆ ಇರುತ್ತವೆ. ಹರಳೆಣ್ಣೆಯ ಐದು ಪಟ್ಟು, ಹತ್ತು ಪಟ್ಟು ದಪ್ಪವೆಂದರೆ ಅದರ ಸ್ವರೂಪ ವಾಚಕರ ಊಹೆಗೆ ನಿಲುಕೀತು. ಓಟಗಾರರು ಇವನ್ನು ಸೂತ್ರಪ್ರಾಯವಾಗಿ '5-7-3' ಎಂದು ಬರೆದುಕೊಳ್ಳುವುದುಂಟು. ಮುಂದೆ 5000, ನಡುವೆ 7000, ಹಿಂದೆ 3000 ಎಂಬುದು ಅದರ ಅರ್ಥ.

ಹಿಡಿತ ಹೆಚ್ಚಿದ ಅಂಗಣ

ಒಣಗಿ ಪುಡಿಯೆದ್ದ ಮಣ್ಣಿನಲ್ಲಿ ಹಿಡಿತ ಕಡಿಮೆ. ಜೇಡಿಮಣ್ಣನ್ನು ಗಟ್ಟಿಸಿ ನೀರು ಚಿಮುಕಿಸಿ ಹದಗೊಳಿಸಿದರೆ ಹಿಡಿತ ಹೆಚ್ಚುತ್ತದೆ. ಟೈರುಗಳ ರಬ್ಬರು ಸವೆದು ದಾರಿಯ ಮೇಲೆ ಪಟ್ಟೆಯಾಗಿ ಕೂತರೆ ಮತ್ತೂ ಹೆಚ್ಚುತ್ತದೆ. ಅಮೆರಿಕದ ಕೆಲವು ಅಂಗಣಗಳಲ್ಲಿ ಮಣ್ಣಿನ ತೇವ ಆರದಿರಲೆಂದು ನೀರಿಗೆ ಸಕ್ಕರೆ ಬೆರೆಸುವ ಪದ್ಧತಿಯೂ ಉಂಟು. ಯೂರೋಪಿನ ಒಳಾಂಗಣಗಳಲ್ಲಿ ಕಾರ್ಪೆಟ್ಟನ್ನೂ ಕೃತಕ ಹುಲ್ಲನ್ನೂ ಹಾಸಿ ಓಡಿಸುತ್ತಾರೆ. ಇವುಗಳ ಮೇಲೆ ಟೈರು ಜಾರುವುದೇ ಅಪರೂಪ.

ಇಲ್ಲಿ ಎರಡನೆಯ ಶಂಕೆ. ಹಿಡಿತ ಇಷ್ಟು ಚೆನ್ನಾಗಿರುವಾಗ ಗಾಲಿಯು ವ್ಯರ್ಥವಾಗಿ ಸುತ್ತುವ ಭಯವೇ ಇಲ್ಲವಲ್ಲ. ಹಾಗಿದ್ದಲ್ಲಿ ತೆಳುವಾದ ತೈಲವೇ ಸಾಕಾಗದೆ? ನಿಜಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಹಿಡಿತ ಕಡಿಮೆಯಿದ್ದಾಗ ಟ್ರಕ್ಕು ತಿರುವಿನಲ್ಲಿ ತುಸು ಜಾರಿ ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ಹಿಡಿತ ಹೆಚ್ಚಾದಾಗ ಜಾರುವ ಈ ದಾರಿ ಮುಚ್ಚಿಹೋಗುತ್ತದೆ. ಕೆಳಗೆ ಟೈರು ನೆಲವನ್ನು ಕಚ್ಚಿ ನಿಂತಿದೆ. ಮೇಲೆ ಟ್ರಕ್ಕಿನ ಭಾರವು ಹೊರಮಗ್ಗುಲಿಗೆ ನುಗ್ಗುತ್ತಿದೆ. ಪರಿಣಾಮವಾಗಿ ಭಾರವೆಲ್ಲ ಹೊರಗಾಲಿಗಳ ಮೇಲೆ ಬಿದ್ದು ಒಳಗಾಲಿಗಳು ಹಗುರಾಗುತ್ತವೆ, ಕೆಲವೊಮ್ಮೆ ನೆಲವನ್ನೇ ಬಿಟ್ಟೇಳುತ್ತವೆ. ನೆಲದ ಹಿಡಿತ ಎಷ್ಟೇ ಇರಲಿ, ನೆಲವನ್ನು ಮುಟ್ಟದ ಗಾಲಿಗೆ ಅದರಿಂದ ಪ್ರಯೋಜನವೇನು? ತೆಳುತೈಲವಿದ್ದಲ್ಲಿ ಯಂತ್ರದ ಶಕ್ತಿಯೆಲ್ಲ ಆ ಹಗುರಾದ ಗಾಲಿಯಲ್ಲಿ ಸೋರಿಹೋಗುತ್ತದೆ. ಆದುದರಿಂದಲೇ ಹಿಡಿತ ಹೆಚ್ಚಿದಂತೆ ತೈಲವನ್ನೂ ತುಸು ದಪ್ಪಗೊಳಿಸುವುದು ವಾಡಿಕೆ.

ಆದರೆ ಇದಕ್ಕೂ ಮಿತಿಯುಂಟು. ತೈಲವು ಅತಿಯಾಗಿ ದಪ್ಪವಾದರೆ ಎರಡು ಗಾಲಿಗಳನ್ನು ಒಂದೇ ಸಲಾಕೆಗೆ ಬಿಗಿದಂತಾಗುತ್ತದೆ. ಪುಡಿಮಣ್ಣಿನಲ್ಲಾದರೆ ಟೈರು ಜಾರಿ ಆ ಐದು ಸುತ್ತಿನ ಲೆಕ್ಕವನ್ನು ಹೇಗೋ ಸರಿಮಾಡಿಕೊಳ್ಳುತ್ತದೆ. ಕಾರ್ಪೆಟ್ಟಿನ ಮೇಲೆ ಟೈರು ಜಾರದು. ಆಗ ಆ ಒತ್ತಡವೆಲ್ಲ ಗಿಯರಿನ ಹಲ್ಲುಗಳ ಮೇಲೂ ಗಾಲಿಗೆ ಶಕ್ತಿಯೊಯ್ಯುವ ಸಲಾಕೆಗಳ ಮೇಲೂ ಬೀಳುತ್ತದೆ. ಹಲ್ಲು ಮುರಿದರೆ ಓಟ ಅಲ್ಲಿಗೆ ಮುಗಿಯಿತು. ಹೀಗೆ ಹಿಡಿತ ಹೆಚ್ಚಿದ ಅಂಗಣವು ದಪ್ಪತೈಲವನ್ನು ಬೇಡುತ್ತದೆ, ಅತಿಯಾದರೆ ದಂಡಿಸುತ್ತದೆ.

ಮುಖ್ಯವಾಗಿ ಮನಗಾಣಬೇಕಾದ ಅಂಶವೊಂದಿದೆ. ತೈಲವು ಹಿಡಿತವನ್ನು ಹುಟ್ಟಿಸಲಾರದು. ಹಿಡಿತವು ಟೈರು ಮತ್ತು ನೆಲಗಳ ನಡುವಣ ವ್ಯವಹಾರ. ನಾಲ್ಕು ಗಾಲಿಗಳಲ್ಲಿ ಯಾವುದಕ್ಕೆ ಎಷ್ಟು ಬಲ ಸಲ್ಲಬೇಕೆಂಬ ಹಂಚಿಕೆ ಮಾತ್ರ ತೈಲದ ಅಧೀನ. ಇದನ್ನು ಮರೆತವರು ಸೀಸೆಯ ಮೇಲೆ ಸೀಸೆ ಬದಲಿಸುತ್ತ ಹಣವನ್ನೂ ಹೊತ್ತನ್ನೂ ಕಳೆಯುತ್ತಾರೆ.

ಮೂರು ಪೆಟ್ಟಿಗೆಗಳ ಮೂರು ಗುಣ

ಮುಂದಿನ ಡಿಫರೆನ್ಷಿಯಲ್ ಮುಖ್ಯವಾಗಿ ತಿರುವಿನ ಪ್ರವೇಶವನ್ನು ಆಳುತ್ತದೆ. ಅಲ್ಲಿ ತೆಳುತೈಲವಿದ್ದರೆ ವೇಗ ತಗ್ಗಿಸಿದೊಡನೆ ಟ್ರಕ್ಕಿನ ಮೂತಿ ಚುರುಕಾಗಿ ಒಳಕ್ಕೆ ಹೊರಳುತ್ತದೆ. ಪುಡಿಮಣ್ಣಿನಲ್ಲಿ ಇದು ಗುಣ. ಹಿಡಿತ ಹೆಚ್ಚಿದ ನೆಲದಲ್ಲಿ ಇದೇ ದೋಷ. ಮೂತಿ ಥಟ್ಟನೆ ಹೊರಳಿದಾಗ ಭಾರವೂ ಥಟ್ಟನೆ ಹೊರಮಗ್ಗುಲಿಗೆ ಬಿದ್ದು ಟ್ರಕ್ಕು ಮಗುಚುತ್ತದೆ. ಮುಂದಿನ ತೈಲವನ್ನು ದಪ್ಪ ಮಾಡಿದರೆ ಪ್ರವೇಶ ಶಾಂತವಾಗುತ್ತದೆ, ಬ್ರೇಕು ಹಾಕಿದಾಗ ಓಟ ನೇರವಾಗಿರುತ್ತದೆ. ತಿರುವಿನಿಂದ ಹೊರಬರುತ್ತ ವೇಗ ಕೊಟ್ಟಾಗ ಮುಂದಿನ ಗಾಲಿಗಳು ಟ್ರಕ್ಕನ್ನು ಎಳೆದುಕೊಂಡು ಹೋಗುತ್ತವೆ.

ನಡುವಿನ ಡಿಫರೆನ್ಷಿಯಲ್ ಮುಂದು ಹಿಂದುಗಳ ನಡುವೆ ಶಕ್ತಿಯನ್ನು ಹಂಚುತ್ತದೆ. ವೇಗ ಕೊಟ್ಟಾಗ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿಗಳು ಹಗುರಾಗುವುದು ಸಹಜ. ಅಲ್ಲಿ ತೆಳುತೈಲವಿದ್ದರೆ ಶಕ್ತಿಯು ಮುಂದಿನ ಗಾಲಿಗಳಲ್ಲಿ ಸೋರಿ ಟೈರು ಉಬ್ಬುವಂತೆ ಸುತ್ತುತ್ತದೆ. ಉಬ್ಬುತಗ್ಗಿನ, ಹಿಡಿತವಿಲ್ಲದ ನೆಲದಲ್ಲಿ ಈ ಸೋರಿಕೆ ಚಾಲಕನಿಗೆ ಸಹಾಯಕವೇ ಹೌದು. ನಯವಾದ, ಹಿಡಿತವುಳ್ಳ ನೆಲದಲ್ಲಿ ದಪ್ಪತೈಲ ಒಳ್ಳೆಯದು. ಆಗ ನಾಲ್ಕು ಗಾಲಿಗಳೂ ಕೂಡಿ ದೂಡುತ್ತವೆ. ಯಂತ್ರವು ಬಲವಾಗಿದ್ದು ತೈಲವೂ ಅತಿದಪ್ಪವಾದರೆ ಮಾತ್ರ ಟ್ರಕ್ಕು ಬೆದರಿದ ಹೋರಿಯಂತೆ ವರ್ತಿಸುತ್ತದೆ.

ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಮೂರರಲ್ಲಿಯೇ ತೆಳುವಾದ ತೈಲವನ್ನು ಇಡುತ್ತಾರೆ. ತೆಳುವಾದಷ್ಟೂ ಹಿಂದಿನ ಗಾಲಿಗಳು ತಿರುವಿನಲ್ಲಿ ನೆಲವನ್ನು ಹಿಡಿದು ನಡೆಯುತ್ತವೆ. ದಪ್ಪವಾದರೆ ಗಾಲಿ ವ್ಯರ್ಥ ಸುತ್ತುವುದು ತಗ್ಗುತ್ತದೆ. ಅತಿಯಾದಾಗ ತಿರುವಿನಲ್ಲಿ ವೇಗ ಕೊಟ್ಟೊಡನೆ ಟ್ರಕ್ಕು ಬಾಲವನ್ನು ಹೊರಕ್ಕೆಸೆಯುತ್ತದೆ.

ಉದಾಹರಣೆಗೆ, ಸಾಧಾರಣ ಮಣ್ಣಿನಲ್ಲಿ 7-7-3 ಇಟ್ಟುಕೊಂಡು ಓಡಿಸುವ ಟ್ರಗ್ಗಿಯನ್ನು ಹಿಡಿತ ಹೆಚ್ಚಿದ ಅಂಗಣಕ್ಕೆ ಒಯ್ದಾಗ, ಕ್ರಮಕ್ರಮವಾಗಿ 10-10-5ರ ಕಡೆಗೆ ಸಾಗುವುದು ಯುಕ್ತ. ಇವು ದಾರಿ ತೋರುವ ಸಂಖ್ಯೆಗಳು ಮಾತ್ರ. ಒಂದೊಂದು ತಯಾರಿಕೆಯ ಪೆಟ್ಟಿಗೆಯ ಗಾತ್ರ, ಗಿಯರುಗಳ ಸಂಖ್ಯೆ ಬೇರೆ ಬೇರೆಯಾಗಿರುವುದರಿಂದ ವಾಹನದೊಡನೆ ಬರುವ ಕೈಪಿಡಿಯ ಸಂಖ್ಯೆಯಿಂದಲೇ ಆರಂಭಿಸತಕ್ಕದ್ದು.

ಕೆಲಸದ ಕ್ರಮ

ಮೊದಲನೆಯದಾಗಿ, ಸ್ನಿಗ್ಧತೆಯಲ್ಲಿ ಗಮನಿಸಬೇಕಾದುದು ಪಟ್ಟು, ಕೂಡುಕಳೆಯಲ್ಲ. 5000ದಿಂದ 7000ಕ್ಕೆ ಹೋದರೆ ಟ್ರಕ್ಕಿನ ನಡೆಯಲ್ಲಿ ಭೇದ ಕಾಣುತ್ತದೆ. 50,000ದಿಂದ 52,000ಕ್ಕೆ ಹೋದರೆ ಏನೂ ಕಾಣದು. ಎರಡರಲ್ಲೂ ಹೆಚ್ಚಳ 2000ವೇ ಆದರೂ ಮೊದಲನೆಯದು ನೂರಕ್ಕೆ ನಲವತ್ತು, ಎರಡನೆಯದು ನೂರಕ್ಕೆ ನಾಲ್ಕು. ಎರಡು ತೈಲಗಳನ್ನು ಬೆರೆಸುವಾಗಲೂ ಹೀಗೆಯೇ. 1000 ಮತ್ತು 1,00,000ದ ತೈಲಗಳನ್ನು ಸಮಭಾಗ ಬೆರೆಸಿದರೆ ಬರುವುದು ಐವತ್ತು ಸಾವಿರವಲ್ಲ, ಸುಮಾರು ಹತ್ತು ಸಾವಿರ. ಏಕೆಂದರೆ ಇಲ್ಲಿ ಸಲ್ಲುವುದು ಗುಣಾತ್ಮಕ ಸರಾಸರಿ, ಅಂದರೆ ಎರಡು ಸಂಖ್ಯೆಗಳ ಗುಣಲಬ್ಧದ ವರ್ಗಮೂಲ.

ಎರಡನೆಯದಾಗಿ, ಉಷ್ಣತೆ. ಸಿಲಿಕೋನ್ ತೈಲವು ಖನಿಜತೈಲದಷ್ಟು ಬೇಗ ನೀರಾಗುವುದಿಲ್ಲವೆಂಬ ಕಾರಣಕ್ಕಾಗಿಯೇ ಅದನ್ನು ಬಳಸುವುದು. ಹಾಗಿದ್ದರೂ ಉಷ್ಣತೆ 38 ಡಿಗ್ರಿಯಿಂದ 99 ಡಿಗ್ರಿಗೆ ಏರಿದರೆ ಅದರ ಸ್ನಿಗ್ಧತೆ ನೂರಕ್ಕೆ ಸುಮಾರು ಅರವತ್ತರಷ್ಟು ಇಳಿಯುತ್ತದೆ. ಐದು ನಿಮಿಷದ ಸುತ್ತಿನಲ್ಲಿ ಹಿತವೆನಿಸಿದ ತೈಲ ದೀರ್ಘವಾದ ಅಂತಿಮ ಓಟದ ಕೊನೆಯಲ್ಲಿ ತೆಳುವಾಗಿ ತೋರಬಹುದು. ಹೆಚ್ಚು ಕಾಯುವುದು ನಡುವಿನ ಪೆಟ್ಟಿಗೆ. ಆದುದರಿಂದ ಅದರ ತೈಲವನ್ನು ಉಳಿದೆರಡಕ್ಕಿಂತ ಬೇಗ ಬದಲಿಸಬೇಕಾಗುತ್ತದೆ. ಲೋಹದ ಕಣ ಸೇರಿ ಕಪ್ಪಾದ ತೈಲವು ತನ್ನ ಕಾಲ ಮುಗಿದುದನ್ನು ತಾನೇ ಸಾರುತ್ತದೆ.

ಮೂರನೆಯದಾಗಿ, ಅಳತೆ. ಗಿಯರುಗಳು ಮುಳುಗುವಷ್ಟು ತೈಲ ಹೊಯ್ದು, ಕಾದಾಗ ಹಿಗ್ಗಲು ತುಸು ಎಡೆ ಬಿಡಬೇಕು. ಗಾಳಿಯ ಗುಳ್ಳೆಗಳು ಮೇಲೇರಿ ಹೋಗುವವರೆಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಡಬೇಕು. ಪ್ರತಿಸಲವೂ ಪೆಟ್ಟಿಗೆಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಹಿಂದಿನ ತೂಕಕ್ಕೆ ಸರಿಹೊಂದಿಸುವುದು ಜಾಣರ ಪದ್ಧತಿ. ತೈಲದ ಸಂಖ್ಯೆ ಒಂದೇ ಆಗಿದ್ದು ತುಂಬಿದ ಪ್ರಮಾಣ ಬೇರೆಯಾದರೆ ಫಲವೂ ಬೇರೆಯಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಒಂದು ಬಾರಿಗೆ ಒಂದೇ ಬದಲಾವಣೆ. ಮೂರು ಪೆಟ್ಟಿಗೆಗಳ ತೈಲವನ್ನೂ ಒಮ್ಮೆಗೇ ಬದಲಿಸಿ, ಜೊತೆಗೆ ಟೈರನ್ನೂ ಬದಲಿಸಿದವನ ಟ್ರಕ್ಕು ಚೆನ್ನಾಗಿ ಓಡಿದರೂ ಏಕೆ ಚೆನ್ನಾಗಿ ಓಡಿತೆಂಬುದು ಅವನಿಗೆ ತಿಳಿಯುವುದಿಲ್ಲ. ಮರುದಿನ ಅಂಗಣದ ತೇವ ಆರಿದಾಗ ಅವನು ಮತ್ತೆ ಮೊದಲಿನಿಂದ ತಡಕಾಡಬೇಕು. ಮೊದಲು ಮುಂದಿನದನ್ನು ಮಾತ್ರ ಬದಲಿಸಿ, ಹತ್ತು ಸುತ್ತು ಓಡಿಸಿ, ಪ್ರತಿ ಸುತ್ತಿನ ಕಾಲವನ್ನೂ ಟ್ರಕ್ಕಿನ ನಡೆಯನ್ನೂ ಬರೆದಿಟ್ಟುಕೊಂಡು, ಅನಂತರ ನಡುವಿನದಕ್ಕೆ ಕೈಹಾಕುವವನು ನಿಧಾನಿಯಂತೆ ಕಂಡರೂ ಅವನ ಪುಸ್ತಕದಲ್ಲಿ ಜ್ಞಾನ ಶೇಖರವಾಗುತ್ತ ಹೋಗುತ್ತದೆ.

ಮುಂದಿನ ತೈಲವನ್ನು ದಪ್ಪಗೊಳಿಸಿದ ಮೇಲೂ ಟ್ರಕ್ಕು ಮಗುಚುತ್ತಲೇ ಇದ್ದರೆ ಏನು ಮಾಡತಕ್ಕದ್ದು? ಆಗ ತೈಲದ ಗೊಡವೆಯನ್ನು ಬಿಟ್ಟು ಬೇರೆಡೆ ನೋಡಬೇಕು. ಗುರುತ್ವಕೇಂದ್ರದ ಎತ್ತರಕ್ಕೆ ಹೋಲಿಸಿದಾಗ ಗಾಲಿಗಳ ನಡುವಣ ಅಗಲ ಕಿರಿದಾಗಿದ್ದಷ್ಟೂ ಮಗುಚುವುದು ಸುಲಭ. ಆದುದರಿಂದ ಟ್ರಕ್ಕನ್ನು ನೆಲಕ್ಕೆ ತಗ್ಗಿಸುವುದು, ಬ್ಯಾಟರಿಯಂಥ ಭಾರದ ಭಾಗಗಳನ್ನು ಕೆಳಗಿಡುವುದು, ಕಡಿಮೆ ಕಚ್ಚುವ ಟೈರನ್ನು ಹಾಕುವುದು, ಇವೇ ನೇರವಾದ ಚಿಕಿತ್ಸೆಗಳು. ತೈಲವು ಅನುಪಾನವೇ ಹೊರತು ಮೂಲೌಷಧವಲ್ಲ.

ನಮ್ಮ ಅಧ್ಯಾಪಕ ಮಿತ್ರರಿಗೆ ಇದರಲ್ಲಿ ಒಂದು ಉಪಯೋಗ ಕಂಡೀತೆಂದು ನನ್ನ ನಂಬಿಕೆ. ವೃತ್ತದ ಪರಿಧಿ, ಗುಣಾತ್ಮಕ ಸರಾಸರಿ, ಸ್ನಿಗ್ಧತೆ, ಗುರುತ್ವಕೇಂದ್ರ, ಇವೆಲ್ಲವನ್ನೂ ನಾವು ಕರಿಹಲಗೆಯ ಮೇಲೆ ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಪಾಠಗಳಾಗಿ ಬರೆಯುತ್ತೇವೆ. ಮಕ್ಕಳು ಅವನ್ನು ಬೇರೆ ಬೇರೆಯಾಗಿಯೇ ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ನಾಲ್ಕು ಕಿಲೋಗ್ರಾಂ ತೂಕದ ಈ ಟ್ರಕ್ಕಿನಲ್ಲಿ ಅವು ನಾಲ್ಕೂ ಒಂದೇ ತಿರುವಿನಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಲೆಕ್ಕ ತಪ್ಪಿದರೆ ಟ್ರಕ್ಕು ಮಗುಚಿ ತಪ್ಪನ್ನು ತೋರಿಸುತ್ತದೆ. ಶಾಲೆಯ ವಿಜ್ಞಾನಸಂಘಕ್ಕೆ ಇಂಥದೊಂದು ವಾಹನವೂ ಮೂರು ಸೀಸೆ ತೈಲವೂ ಒಂದು ಬರೆಯುವ ಪುಸ್ತಕವೂ ದೊರೆತರೆ, ಹುಡುಗರು ಪ್ರಯೋಗಮಾಡಿ ತಿಳಿಯುವ ಶಿಸ್ತನ್ನು ಆಡುತ್ತಲೇ ಕಲಿತಾರು. ಮೂರರಲ್ಲಿ ಪುಸ್ತಕವನ್ನು ಮಾತ್ರ ಮರೆಯಬಾರದೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇನೆ.